ಮನೆ ಮಾರಲು ಮಾವಿನ ಗಿಡ ಕಡಿಸಬೇಕೇ?

ಪ್ರಶ್ನೆ: ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆಯಿದೆ. ಐದು ಗುಂಟೆ ಜಾಗ. ಮುಂದೆ ಅವರೇ ಹಚ್ಚಿದ ಆಪೂಸ್ ಮಾವಿನ ಗಿಡ, ಎರಡು ತೆಂಗು, ಪಾರಿಜಾತ. ಹಿತ್ತಲಲ್ಲಿ ಪೇರಲ, ಕರಿಬೇವು, ಮಲ್ಲಿಗೆ. ತಂದೆ ತೀರಿಕೊಂಡಿದ್ದಾರೆ, ಉಯಿಲು ಬರೆದಿಟ್ಟಿಲ್ಲ. ಅವ್ವ ಒಬ್ಬಳೇ ಇರುತ್ತಾಳೆ, ಮೊಣಕಾಲು ನೋವು. ತಮ್ಮ ಪುಣೆಯಲ್ಲಿ, ನಾನು ಹುಬ್ಬಳ್ಳಿ ವಿದ್ಯಾನಗರದಲ್ಲಿ. ಮನೆ ಮಾರಿ ಅವ್ವನನ್ನು ನನ್ನ ಬಳಿ ಕರೆತರುವುದು ಎಂದು ಮೂವರೂ ಒಪ್ಪಿದ್ದೇವೆ. ಈಗ ಏಜೆಂಟರು, "ಗಿಡಾ ಎಲ್ಲಾ ತಗಸ್ರಿ, ಫರಸಿ ಹಾಕಸ್ರಿ, ಜಾಗಾ ದೊಡ್ಡದ ಕಾಣತೈತಿ" ಅನ್ನುತ್ತಿದ್ದಾರೆ. ತಮ್ಮ ಹೂಂ ಅಂದುಬಿಟ್ಟಿದ್ದಾನೆ. ಅವ್ವ ಅಂದಿನಿಂದ ಮಾತೇ ಆಡುತ್ತಿಲ್ಲ. ಗಿಡದ ತುಂಬ ಕಾಯಿ ನಿಂತಿದೆ. ಏನು ಮಾಡಲಿ?

ಉತ್ತರ: ಮಾವಿನ ಗಿಡ ಕಡಿಸಬೇಡಿ. ಫರಸಿಯೂ ಬೇಡ.

ಏಜೆಂಟರ ಮಾತಿನಲ್ಲಿ ಒಂದು ಲೆಕ್ಕ ತಪ್ಪಿದೆ. ಮಾಳಮಡ್ಡಿ, ಸಪ್ತಾಪುರದಂಥ ಕಡೆ ಹಳೆಯ ಮನೆ ಕೇಳಿಕೊಂಡು ಬರುವವರು ಎರಡು ಬಗೆ. ಒಬ್ಬರಿಗೆ ಬೇಕಾದದ್ದು ಬರೀ ಜಾಗ. ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವವರು. ಅವರು ಟೇಪು ಹಿಡಿದು ಅಳೆಯುತ್ತಾರೆ, ರಸ್ತೆಯ ಅಗಲ ನೋಡುತ್ತಾರೆ, ಸಿಟಿ ಸರ್ವೆ ಉತಾರ ಕೇಳುತ್ತಾರೆ. ನೀವು ಹಾಸಿದ ಫರಸಿಗೆ ಅವರು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡುವುದಿಲ್ಲ, ಅದನ್ನೂ ಕಿತ್ತೇ ಹಾಕುತ್ತಾರೆ. ಇನ್ನೊಬ್ಬರು ಬಾಳುವೆ ಮಾಡಲಿಕ್ಕೆ ಮನೆ ಹುಡುಕುವವರು. ನಿವೃತ್ತರು, ಬೆಂಗಳೂರಿನಿಂದ ಊರಿಗೆ ಮರಳುವವರು, ವಿಶ್ವವಿದ್ಯಾಲಯದ ಮಂದಿ. ಹೊಸ ಬಡಾವಣೆಯ ಮೂವತ್ತು-ನಲವತ್ತರ ಸೈಟು ಬಿಟ್ಟು ಹಳೆಯ ಧಾರವಾಡದಲ್ಲೇ ಮನೆ ಬೇಕು ಅನ್ನುವವರಿಗೆ ಅಂಗಳದ ನೆರಳೇ ಅರ್ಧ ಮನೆ. ಏಪ್ರಿಲ್ ಬಿಸಿಲಿಗೆ ಕಾದ ಬೋಳು ಫರಸಿಯ ಮೇಲೆ ಅವರನ್ನು ನಿಲ್ಲಿಸಿದರೆ ಹಿಂದಿರುಗಿ ಹೋಗುತ್ತಾರೆ. ಹಾಗಾಗಿ ಗಿಡ ಕಡಿಸಿದರೆ ಮೊದಲನೆಯವರಿಂದ ಲಾಭವಿಲ್ಲ, ಎರಡನೆಯವರು ಕೈತಪ್ಪುತ್ತಾರೆ.

ಮಾಡಬೇಕಾದ ಕೆಲಸ ಬೇರೆಯೇ ಇದೆ: ಇದ್ದ ತೋಟ ಕಣ್ಣಿಗೆ ಬೀಳುವಂತೆ ಮಾಡುವುದು. ಮಿರಗದ ಮಳೆ ಹಿಡಿಯುವ ಮೊದಲೇ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುನ್ನ ಬೇರುಸಹಿತ ಕೀಳಿಸಿ. ಜಾಗದ ನಾಲ್ಕೂ ಮೂಲೆ, ಹದ್ದಿನ ಕಲ್ಲು ಕಾಣಬೇಕು. ಪೊದೆಯೊಳಗೆ ಮುಚ್ಚಿಹೋದ ಹದ್ದು ಗಿರಾಕಿಯ ಮನಸ್ಸಿನಲ್ಲಿ ಅನುಮಾನ ಹುಟ್ಟಿಸುತ್ತದೆ. ಒಣ ತೆಂಗಿನ ಗರಿ, ಕಟ್ಟಿಗೆ, ಒಡೆದ ಬಕೆಟ್ಟುಗಳ ರಾಶಿ ಹಿತ್ತಲಿನಿಂದ ಹೊರಗೆ ಹೋಗಲಿ. ಹಾವಿನ ಭಯ, ಗೆದ್ದಲು, ಸೊಳ್ಳೆ ಮೂರೂ ಅಲ್ಲೇ ಇರುವುದು. ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಎದ್ದಿದ್ದರೆ ಅದನ್ನು ಮಾತ್ರ ಬಿಡಬೇಡಿ, ಬೇರು ತೆಗೆಸಿ ಗಾರೆ ತುಂಬಿಸಿ. ನಾಲ್ಕಾರು ದಿನದ ಕೂಲಿಯಲ್ಲಿ ಮುಗಿಯುವ ಕೆಲಸವಿದು. ಹೊಸ ಹುಲ್ಲುಹಾಸು, ನರ್ಸರಿಯ ಕುಂಡಗಳ ಸಾಲು ಯಾವುದೂ ಬೇಡ. (ಹುಬ್ಬಳ್ಳಿ ಕಡೆ ಎರಿ ಮಣ್ಣಿನ ಜಾಗವಿರುವ ಓದುಗರು ಗೇಟಿನಿಂದ ಬಾಗಿಲ ತನಕ ಗರಸು ಹಾಕಿಸಿ. ಮಳೆಯಲ್ಲಿ ಕಾಲಿಗೆ ಎರಿ ಮೆತ್ತಿಕೊಂಡವರು ಒಳಗೆ ಬಂದು ಏನನ್ನೂ ಮೆಚ್ಚುವುದಿಲ್ಲ.)

ನಮ್ಮ ಅವಳಿ ನಗರದಲ್ಲಿ ಗಿರಾಕಿ ಕೇಳುವ ಮೊದಲ ಮಾತು ನೀರು. ನಳ ಎಷ್ಟು ದಿನಕ್ಕೊಮ್ಮೆ, ಬೋರ್ ಇದೆಯೋ ಇಲ್ಲವೋ. ಇದ್ದದ್ದನ್ನು ಇದ್ದಂತೆ ಹೇಳಿ. ಕಣ್ಣಿಗೆ ಕಾಣದ ದೋಷ ಮುಚ್ಚಿಟ್ಟು ಮಾರಬಾರದೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮೇ ಹೇಳುತ್ತದೆ.

ಕಾಯ್ದೆಯ ಮಾತು ಬಂತು, ಇನ್ನಷ್ಟು ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ತೆಂಗಿನಂಥ ವಿನಾಯಿತಿ ಇರುವ ಗಿಡಗಳನ್ನು ಬಿಟ್ಟರೆ, ಸ್ವಂತ ಅಂಗಳದ್ದಾದರೂ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಯಾವುದಕ್ಕೂ ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಕೊಡಲಿ ಎತ್ತಿಸಬೇಡಿ. ಬೇರೆ ಮಾತು ಆಗದಿದ್ದರೆ ನೆಲದಲ್ಲಿ ಬೇರೂರಿದ ಗಿಡಗಳು ಜಾಗದ ಜೊತೆಗೇ ಕೊಂಡವರಿಗೆ ಹೋಗುತ್ತವೆ. ಕರಾರುಪತ್ರ ಆದಮೇಲೆ ಆಸ್ತಿಯನ್ನು ಜೋಪಾನ ಮಾಡುವ ಹೊಣೆ ನಿಮ್ಮದೇ. ಆಗ ಒಂದು ಮಲ್ಲಿಗೆ ಬಳ್ಳಿ ಕಿತ್ತೊಯ್ದರೂ ತಕರಾರು ಬರಬಹುದು. ಒಯ್ಯುವುದಿದ್ದರೆ ಮೊದಲೇ ಹೇಳಿ, ಕರಾರಿನಲ್ಲಿ ಬರೆಸಿ. ನೋಂದಣಿ ಆಗುವ ತನಕ ಈ ಸಲದ ಹಣ್ಣು ನಿಮ್ಮದು. ಅದನ್ನೂ ಒಂದು ಸಾಲಿನಲ್ಲಿ ಬರೆಸಿಬಿಡಿ.

ಈಗ ಅವ್ವನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ತಂದೆ ಉಯಿಲು ಬರೆಯದೆ ಹೋದದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ನಿಮ್ಮಿಬ್ಬರ ಹಾಗೆ ಅವ್ವನೂ ಆ ಮನೆಯ ಪಾಲುದಾರಳು. ಅವಳ ಸಹಿ ಇಲ್ಲದೆ ಮಾರಾಟ ಆಗುವುದಿಲ್ಲ. ಮಾರುವುದಕ್ಕೆ ಅವಳನ್ನು ಕೇಳಿದಿರಿ, ಗಿಡ ಕಡಿಯುವುದಕ್ಕೆ ಕೇಳಲಿಲ್ಲ. ಅವಳು ಮನೆ ಬಿಡಲು ಒಪ್ಪಿದ್ದಾಳೆ. ಗಂಡ ಹಚ್ಚಿದ ಗಿಡ ತನ್ನ ಕಣ್ಣೆದುರು ಉರುಳುವುದಕ್ಕೆ ಒಪ್ಪಿಲ್ಲ. ಇವೆರಡೂ ಬೇರೆ ಬೇರೆ. ಕೊಂಡವರು ನಾಳೆ ಕಡಿದಾರು ಎಂದು ತಮ್ಮ ಹೇಳಬಹುದು. ಕಡಿದಾರು, ನಿಜ. ಅದು ಅವರ ಕೈಯ ಕೆಲಸವಾಗಲಿ, ಅವ್ವನ ಮಕ್ಕಳದ್ದು ಆಗದಿರಲಿ.

ಆ ಗಿಡವನ್ನು ಜೊತೆಗೆ ಒಯ್ಯಲೂ ಬರುತ್ತದೆ. ಗೊಟ್ಟ ನೆಟ್ಟರೆ ಆಪೂಸ್ ತಾಯಿಗಿಡದ ಗುಣ ಹಿಡಿಯುವುದಿಲ್ಲ, ಕಸಿಯೇ ಆಗಬೇಕು. ಜುಲೈ, ಆಗಸ್ಟ್ ಮಳೆಯ ತೇವದಲ್ಲಿ ಮೃದುಕಾಂಡ ಕಸಿ ಚೆನ್ನಾಗಿ ಹಿಡಿಯುತ್ತದೆ. ಮೂರು-ನಾಲ್ಕು ತಿಂಗಳು ಬಲಿತ ತುದಿಟೊಂಗೆ ಆರಿಸಿ, ತೊಟ್ಟು ಉಳಿಸಿ ಎಲೆ ಕತ್ತರಿಸಿ, ವಾರ-ಹತ್ತು ದಿನ ಗಿಡದಲ್ಲೇ ಬಿಟ್ಟರೆ ತುದಿಮೊಗ್ಗು ಉಬ್ಬುತ್ತದೆ. ಆಗ ಕೊಯ್ದು ನಾಟಿ ಮಾವಿನ ಸಸಿಗೆ ಕಟ್ಟಿಸಬೇಕು. ಕೈ ಪಳಗಿದವರಿಂದಲೇ ಮಾಡಿಸಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ. ಒಂದಕ್ಕೆ ನಿಲ್ಲಬೇಡಿ, ಎಲ್ಲ ಕಸಿಯೂ ಬದುಕುವುದಿಲ್ಲ. ಮಲ್ಲಿಗೆಗೆ ಕಡ್ಡಿ ಸಾಕು. ಕರಿಬೇವಿನ ಬುಡದಲ್ಲಿ ಎದ್ದ ಮರಿಯನ್ನು ಬೇರುಸಹಿತ ತೆಗೆದು ಕುಂಡಕ್ಕೆ ಹಾಕಿ. ಯಾವುದು ಬೇಕೆಂದು ಅವ್ವನೇ ಆರಿಸಲಿ, ವಿದ್ಯಾನಗರದ ಮನೆಯಲ್ಲಿ ಎಲ್ಲಿಡಬೇಕೆಂದೂ ಅವಳೇ ಹೇಳಲಿ.

ಕಾಯಿ ಇಳಿಸಿದ ಮೇಲೆ ಒಣಗಿದ ಟೊಂಗೆ, ಪಕ್ಕದವರ ಮಾಳಿಗೆಗೆ ತಾಗುವ ಟೊಂಗೆ ಮಾತ್ರ ತೆಗೆಸಿ. ಅದಕ್ಕೂ ಪಕ್ಕದವರ ಜೊತೆ ಒಂದು ಮಾತಾಡಿ. ತಮ್ಮನಿಗೆ ಈ ಉತ್ತರ ಓದಿಸಿ. ಏಜೆಂಟರಿಗೆ ಇವತ್ತೇ ಫೋನ್ ಮಾಡಿ, ಕಡಿಯುವವರನ್ನು ಕಳಿಸಬೇಡಿ ಎಂದು ಹೇಳಿ. ಆ ಫೋನನ್ನು ಅವ್ವ ಕೇಳುವಂತೆ ಅವಳ ಎದುರಿಗೇ ಕೂತು ಮಾಡಿ.