ಅಟ್ಟದ ಮೇಲಿನ ವಿಸಿಆರ್: ಇಡೋದಾ, ಮಾರೋದಾ?

ಲವ್‌ಡೇಲ್ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ನನ್ನ ಮನೆ. ಹುಟ್ಟೂರು ಗುಂಡ್ಲುಪೇಟೆ ಕಡೆ, ಹೊಟ್ಟೆಪಾಡು ಇಲ್ಲಿ. ಮದುವೆ, ಸೀಮಂತ, ಗೃಹಪ್ರವೇಶ, ಬಡಗರ ಹೆತ್ತೆ ಹಬ್ಬ ಅಂತ ಮೂವತ್ತು ವರ್ಷ ಹೆಗಲ ಮೇಲೆ ಕ್ಯಾಮೆರಾ ಹೊತ್ತವನು ನಾನು. ಕೇತಿ ಕಣಿವೆಯ ಹಟ್ಟಿಗಳಲ್ಲಿ ಅವರು ಬಡಗದಲ್ಲಿ ಮಾತಾಡುತ್ತಾರೆ, ನಾನು ಕನ್ನಡದಲ್ಲಿ. ಅರ್ಥವಾಗುವುದಕ್ಕೇನೂ ತೊಂದರೆಯಿಲ್ಲ. ದುಡ್ಡಿನ ಲೆಕ್ಕ ಬಂದಾಗ ಮಾತ್ರ ಯಾಕೋ ಇಬ್ಬರೂ ತಮಿಳಿಗೆ ಇಳಿಯುತ್ತೇವೆ.

ಕೆಲಸವನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ನನ್ನ ಪಾಲಿಗೆ ಉಳಿದದ್ದು ಅಟ್ಟ. ವಿಸಿಆರ್, ಕ್ಯಾಮೆರಾ, ಮಿಕ್ಸರ್, ಮಾನಿಟರ್, ಎರಡು ರಟ್ಟಿನ ಪೆಟ್ಟಿಗೆ ತುಂಬ ಮ್ಯಾನ್ಯುಯಲ್. ಯುಗಾದಿಯೊಳಗೆ ಖಾಲಿ ಮಾಡಿ ಅಂತ ಮನೆಯವಳ ಗಡುವು. ಖಾಲಿ ಮಾಡುತ್ತಾ ಕಲಿತದ್ದು ಇಲ್ಲಿದೆ. ಕೆಲವು ಪಾಠಕ್ಕೆ ಫೀಸು ಜಾಸ್ತಿಯೇ ಬಿತ್ತು.

1. ಬೆಲೆ ಕೇಳುವ ಮುಂಚೆ ಕ್ಯಾಸೆಟ್ ಹುಡುಕಿ

2009ರಲ್ಲಿ ನನ್ನ ಹೈ8 ಕ್ಯಾಮೆರಾವನ್ನು ಒಂದೂವರೆ ಸಾವಿರಕ್ಕೆ ಕೊಟ್ಟುಬಿಟ್ಟೆ. ಮೂಲೆಯಲ್ಲಿ ಬಿದ್ದಿದ್ದಕ್ಕೆ ಇಷ್ಟು ಬಂತಲ್ಲ ಅಂತ ಖುಷಿ. ಎರಡು ವರ್ಷವಾದ ಮೇಲೆ ಅಮ್ಮನ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಹನ್ನೊಂದು ಹೈ8 ಕ್ಯಾಸೆಟ್ ಸಿಕ್ಕವು. ಮಗಳ ನಾಮಕರಣ, ಊರಿನ ಹೊಲದ ಬದುವಿನ ಮೇಲೆ ಅಪ್ಪ ನಡೆದು ಬರುವುದು, ಎಲ್ಲ ಅದರಲ್ಲೇ. ವಿಎಚ್‌ಎಸ್ ಆಗಿದ್ದರೆ ಪಕ್ಕದ ಮನೆಯ ವಿಸಿಆರ್ ಕೇಳಿ ತರಬಹುದಿತ್ತು. ಹೈ8 ಹಾಗಲ್ಲ, ಆ ಜಾತಿಯ ಯಂತ್ರವೇ ಬೇಕು. ಕೊನೆಗೆ ಅದೇ ತರಹದ ಹಳೇ ಕ್ಯಾಮೆರಾವೊಂದನ್ನು ಆರೂವರೆ ಸಾವಿರ ಕೊಟ್ಟು ತಂದೆ.

ಆದ್ದರಿಂದ ಅಟ್ಟದಿಂದ ಯಂತ್ರ ಇಳಿಸುವ ಮುಂಚೆ ಬೀರು, ಟ್ರಂಕು, ದೇವರ ಮನೆಯ ಮೇಲಿನ ಗೂಡು, ಎಲ್ಲ ಕಡೆ ಕೈಹಾಕಿ ನೋಡಿ. ಸಿಕ್ಕಿದ್ದನ್ನು ಜಾತಿವಾರು ವಿಂಗಡಿಸಿ: ವಿಎಚ್‌ಎಸ್, ವಿಎಚ್‌ಎಸ್-ಸಿ, ಹೈ8, ಮಿನಿ ಡಿವಿ. ವಿಎಚ್‌ಎಸ್-ಸಿ ಇದ್ದರೆ ಅದನ್ನು ಕೂರಿಸುವ ದೊಡ್ಡ ಕ್ಯಾಸೆಟ್ ಆಕಾರದ ಅಡಾಪ್ಟರ್ ಎಲ್ಲಿದೆ ಅಂತಲೂ ನೋಡಿಕೊಳ್ಳಿ. ಖಾಲಿ ಡಬ್ಬಿ ಅಂದುಕೊಂಡು ಮಕ್ಕಳ ಆಟಕ್ಕೆ ಕೊಟ್ಟವರನ್ನು ಬಲ್ಲೆ.

2. ಬರೆದ ಕ್ಯಾಮೆರಾವೇ ಚೆನ್ನಾಗಿ ಓದುತ್ತದೆ

ವಿಎಚ್‌ಎಸ್ ಯಂತ್ರದೊಳಗೆ 62 ಮಿಲಿಮೀಟರ್ ಅಗಲದ ಒಂದು ಉರುಳೆ ಇರುತ್ತದೆ. ನಮ್ಮ ಪಾಲ್ ಪದ್ಧತಿಯಲ್ಲಿ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಹೆಡ್ಡು ಟೇಪಿನ ಮೇಲೆ ಓರೆಯಾಗಿ ಎಳೆಯುವ ಗೆರೆಯ ಅಗಲ 49 ಮೈಕ್ರಾನ್. ಮಿನಿ ಡಿವಿಯಲ್ಲಿ ಅದು 10ಕ್ಕೆ ಇಳಿಯಿತು. 60 ನಿಮಿಷದ ಕ್ಯಾಸೆಟ್ಟಿನಲ್ಲಿ 90 ನಿಮಿಷ ಹಿಡಿಸುವ ಎಲ್‌ಪಿಯಲ್ಲಿ 7ಕ್ಕೂ ಕಡಿಮೆ. ಕ್ಯಾಸೆಟ್ ಉಳಿಸುವ ಆಸೆಗೆ ನಾನೂ ಎಷ್ಟೋ ಮುಹೂರ್ತಗಳನ್ನು ಎಲ್‌ಪಿಯಲ್ಲೇ ತೆಗೆದಿದ್ದೇನೆ. ಪುಣ್ಯಾತ್ಮರು ಕ್ಷಮಿಸಲಿ.

ಇಷ್ಟು ಸಣ್ಣ ಗೆರೆ ಬರೆದ ಹೆಡ್ಡು ಕೂದಲೆಳೆಯಷ್ಟು ವಾರೆಯಾಗಿದ್ದರೂ ಬೇರೆ ಕ್ಯಾಮೆರಾಕ್ಕೆ ಅದು ಓದಲು ಬಾರದು. ವಧುವಿನ ಮುಖ ಚೌಕ ಚೌಕವಾಗಿ ಒಡೆಯುತ್ತದೆ, ನಾದಸ್ವರ ತೊದಲುತ್ತದೆ. ಬರೆದ ಕ್ಯಾಮೆರಾಕ್ಕೇ ಹಾಕಿದರೆ, ಅದರದೂ ಅದೇ ವಾರೆಯಾದ್ದರಿಂದ, ಸಲೀಸಾಗಿ ಓಡುತ್ತದೆ. ಒಳ್ಳೆಯದನ್ನು ಇಟ್ಟುಕೊಂಡು ಹಳೆಯದನ್ನು ಮಾರೋಣ ಅನ್ನುವ ಲೆಕ್ಕ ಇಲ್ಲಿ ಕೈಕೊಡುತ್ತದೆ.

3. ಸತ್ತಿದೆ ಅಂತ ತೀರ್ಮಾನಿಸುವ ಮುಂಚೆ ಮಂಜನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಇದು ಬೆಟ್ಟದವರಿಗೆ ಮಾತ್ರ ಹೇಳುವ ಮಾತು. ನಾವಿರುವುದು ಏಳು ಸಾವಿರ ಅಡಿಗೂ ಮೇಲೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ಇಲ್ಲಿ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಕೂತಿರುತ್ತದೆ. ಅಂಥ ಒಂದು ಬೆಳಿಗ್ಗೆ, ಹೊರಗಿನ ಶೆಡ್ಡಿನಲ್ಲಿದ್ದ ಸೋನಿ ಕ್ಯಾಮೆರಾವನ್ನು ಅಡುಗೆಮನೆಗೆ ತಂದು, ಒಲೆಯ ಪಕ್ಕ ಇಟ್ಟು, ಸ್ವಿಚ್ ಹಾಕಿದೆ. ಪರದೆಯ ಮೂಲೆಯಲ್ಲಿ ‘ಸಿ:21’ ಅಂತ ಮಿಣುಕಿತು. ಪ್ಲೇ ಒತ್ತಿದರೂ ಇಲ್ಲ, ರೆಕಾರ್ಡ್ ಒತ್ತಿದರೂ ಇಲ್ಲ. ಬೋರ್ಡು ಹೋಯಿತು ಅಂತಲೇ ನಂಬಿದೆ. ಆ ವಾರವೇ ಗುಜರಿಯವನು ಬಂದಿದ್ದ, ತಕ್ಕಡಿಯನ್ನೂ ಎತ್ತಿದ್ದ.

ಪಟ್ಟಿ ಹುಡುಕಲು ಚೀಲಕ್ಕೆ ಕೈಹಾಕಿದಾಗ ಮ್ಯಾನ್ಯುಯಲ್ ಸಿಕ್ಕಿತು. ಹಿಂದಿನ ಪುಟಗಳಲ್ಲಿ ಒಂದು ಕೋಷ್ಟಕ. ಸಿ:21 ಅಂದರೆ ಒಳಗೆ ತೇವ ಕಟ್ಟಿದೆ, ಕ್ಯಾಸೆಟ್ ತೆಗೆದು ಮುಚ್ಚಳ ತೆರೆದಿಟ್ಟು ಸುಮಾರು ಒಂದು ಗಂಟೆ ಬಿಡಿ. ಸಿ:22 ಅಂದರೆ ಹೆಡ್ಡು ಕೊಳೆಯಾಗಿದೆ. ಬಿಟ್ಟೆ. ತಿಂಡಿ ತಿಂದು ಬರುವಷ್ಟರಲ್ಲಿ ಕ್ಯಾಮೆರಾ ಎದ್ದು ಕೂತಿತ್ತು. ತಣ್ಣಗಿನ ಉರುಳೆಗೆ ಬೆಚ್ಚನೆ ಗಾಳಿ ತಗುಲಿದರೆ ಚೊಂಬಿಗೆ ಬೆವರು ಬರುವ ಹಾಗೆ ನೀರಾಡುತ್ತದೆ. ಆಗ ಟೇಪು ಓಡಿಸಿದರೆ ಉರುಳೆಗೆ ಅಂಟಿ ಸುತ್ತಿಕೊಳ್ಳುತ್ತದೆ. ಯಂತ್ರ ಹಟ ಹಿಡಿದು ನಿಂತದ್ದೇ ಟೇಪು ಉಳಿಸಲು. ಹಳೇ ವಿಸಿಆರ್‌ಗಳಲ್ಲಿ ಇದಕ್ಕೇ ‘ಡ್ಯೂ’ ದೀಪ ಇರುತ್ತಿತ್ತು.

ಮಂಜಿನ ಇನ್ನೊಂದು ಉಪದ್ರ ಬೂಷ್ಟು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಯಾವ ಯಂತ್ರಕ್ಕೂ ಹಾಕಬೇಡಿ. ಒಂದು ಕ್ಯಾಸೆಟ್ಟಿನ ಬೂಷ್ಟು ಹೆಡ್ಡಿಗೆ ಹತ್ತಿ ಮುಂದಿನ ಹತ್ತಕ್ಕೆ ಅಂಟುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೇರೆ ಚೀಲಕ್ಕೆ ಹಾಕಿ, ಈ ಕೆಲಸ ಗೊತ್ತಿರುವವರ ಹತ್ತಿರ ಒಯ್ಯಿರಿ.

4. ಮ್ಯಾನ್ಯುಯಲ್‌ನಲ್ಲಿ ಎರಡು ಬಗೆ

ಡಬ್ಬಿಯೊಳಗೆ ಬರುತ್ತಿದ್ದದ್ದು ಬಳಸುವವನ ಕೈಪಿಡಿ. ರಿಪೇರಿಯವರ ಬಳಿ ಇರುತ್ತಿದ್ದದ್ದು ಸರ್ವಿಸ್ ಮ್ಯಾನ್ಯುಯಲ್. ಅದರಲ್ಲಿ ಸರ್ಕ್ಯೂಟ್ ಚಿತ್ರ, ಟೇಪಿನ ದಾರಿ ಹೊಂದಿಸುವ ಕ್ರಮ, ಬಿಡಿಭಾಗಗಳ ನಂಬರ್ ಇರುತ್ತವೆ. ಮೊದಲನೆಯದು ಹುಡುಕಿದರೆ ಸಿಗುತ್ತದೆ, ಎರಡನೆಯದು ಅಪರೂಪ. ಅದು ನಿಮ್ಮಲ್ಲಿದ್ದರೆ ರದ್ದಿಗೆ ಹಾಕಬೇಡಿ, ಯಂತ್ರ ಕೆಟ್ಟು ಹೋಗಿದ್ದರೂ ಸರಿ.

ಯಂತ್ರ ಮಾರುವಾಗ ಅದರ ಕಾಗದವೂ ಜೊತೆಗೇ ಹೋಗಬೇಕು ಅನ್ನುವುದು ನನ್ನ ಪಂಥ. ಹತ್ತಾರು ಗುಂಡಿಗಳ ಪ್ಯಾನಾಸೋನಿಕ್ ಎಂಎಕ್ಸ್50 ಮಿಕ್ಸರ್ ಮ್ಯಾನ್ಯುಯಲ್ ಇಲ್ಲದೆ ಹೋದರೆ ಕೊಂಡವನು ಏನು ಮಾಡಿಯಾನು? ಕೊಡುವ ಮುಂಚೆ ಪುಟಪುಟವನ್ನೂ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ.

ಒಂದನ್ನು ಮಾತ್ರ ನಾನು ಕೊಡಲಿಲ್ಲ. ಸೋನಿ ಪಿಡಿ170ರದ್ದು. ಅದರ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ನಾನೇ ಬರೆದದ್ದಿದೆ: ‘ಹಟ್ಟಿ, ರಾತ್ರಿ ಆಟ, ಗೇನ್ 9 ದಾಟಬೇಡ.’ ಹೆತ್ತೆ ಹಬ್ಬಕ್ಕೆ ಎಲ್ಲರೂ ಬಿಳಿ ಉಡುತ್ತಾರೆ. ಕತ್ತಲಿಗೆ ಹೆದರಿ ಗೇನ್ ಏರಿಸಿದರೆ ಬಿಳಿ ಮುಂಡು ಸುಟ್ಟು ಕಾಗದವಾಗುತ್ತದೆ, ಮಡಿಕೆಯೇ ಕಾಣುವುದಿಲ್ಲ. ಇದನ್ನು ಯಾವ ಕಂಪನಿ ಅಚ್ಚು ಹಾಕಿಸೀತು?

5. ಪರೀಕ್ಷೆಗೆ ಬೇಡದ ಕ್ಯಾಸೆಟ್

ಹತ್ತು ವರ್ಷ ಓಡದ ಯಂತ್ರದ ರಬ್ಬರ್ ಬೆಲ್ಟು ಅಂಟಾಗಿರುತ್ತದೆ, ಪಿಂಚ್ ರೋಲರ್ ಕಲ್ಲಾಗಿರುತ್ತದೆ. ಮೊದಲು ಹಾಳು ಸಿನಿಮಾ ಕ್ಯಾಸೆಟ್ ಹಾಕಿ. ತಿಂದರೆ ಅದನ್ನೇ ತಿನ್ನಲಿ.

6. ಬೆಲೆ ಏರುತ್ತದೆ ಅಂತ ಕಾಯಬೇಡಿ

2016ರ ಜುಲೈಯಲ್ಲಿ ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಅಲ್ಲಿಗೆ ಹೊಸ ವಿಸಿಆರ್ ಎಂಬುದು ಮುಗಿಯಿತು. ಹಾಗಾದರೆ ಇದು ಚಿನ್ನ ಅಂತ ನನ್ನ ಸ್ನೇಹಿತರೊಬ್ಬರು ನಾಲ್ಕು ವಿಸಿಆರ್ ಬಚ್ಚಿಟ್ಟರು. ಇಟ್ಟಲ್ಲೇ ನಾಲ್ಕೂ ಕೆಟ್ಟವು. ರಬ್ಬರಿಗೂ ಕೆಪಾಸಿಟರಿಗೂ ವಯಸ್ಸಾಗಲು ಓಡಲೇಬೇಕೆಂದಿಲ್ಲ. ಟೇಪುಗಳನ್ನು ಬೇಗ ನಕಲು ಮಾಡಿಕೊಳ್ಳಿ ಅಂತ ಯುನೆಸ್ಕೊ 2019ರಲ್ಲೇ ಎಚ್ಚರಿಸಿದ್ದೂ ಇದಕ್ಕೇ.

ಕಾಯುವುದರ ಕಥೆ ಊಟಿಯವರಿಗೆ ಬೇರೆ ಹೇಳಬೇಕಿಲ್ಲ. ಇಲ್ಲಿನ ‘ಇಂದು ನಗರ’ದಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಇತ್ತು. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ, ದೇಶಕ್ಕೆಲ್ಲ ‘ಇಂದು’ ಫಿಲ್ಮ್ ಕೊಟ್ಟದ್ದು. ಡಿಜಿಟಲ್ ಬಂತು, ಬಾಗಿಲು ಬಿತ್ತು. ಅಲ್ಲಿ ದುಡಿದ ಹಿರಿಯರೊಬ್ಬರು ಸೀಲು ಒಡೆಯದ ಫಿಲ್ಮ್ ಡಬ್ಬಿಯನ್ನು ಶೋಕೇಸಿನಲ್ಲಿ ಇಟ್ಟಿದ್ದಾರೆ. ಅದನ್ನು ಮಾರಿ ಅಂತ ನಾನೂ ಹೇಳಲಾರೆ.

ಮಾರುವುದಾದರೆ ಗುಜರಿ ಕೊನೆಯ ಬಾಗಿಲಾಗಲಿ. ಓಡುವ ಎಸ್-ವಿಎಚ್‌ಎಸ್ ಡೆಕ್ಕು, ಮಿನಿ ಡಿವಿ ಕ್ಯಾಮೆರಾ ಇದ್ದರೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವವರು ಒಳ್ಳೆಯ ದುಡ್ಡು ಕೊಡುತ್ತಾರೆ. ಮಿನಿ ಡಿವಿಗೆ ಅದರ ಫೈರ್‌ವೈರ್ ಕೇಬಲ್ ಸೇರಿಸಿ ಕೊಡಿ, ಈಗಿನ ಕಂಪ್ಯೂಟರುಗಳಲ್ಲಿ ಆ ತೂತೇ ಇಲ್ಲ. ಹೆಗಲ ಮೇಲೆ ಹೊರುವ ದೊಡ್ಡ ವಿಎಚ್‌ಎಸ್ ಕ್ಯಾಮೆರಾ ಕೆಟ್ಟಿದ್ದರೆ ಸಿನಿಮಾದ ಕಲಾ ವಿಭಾಗದವರನ್ನು ಕೇಳಿ. ತೊಂಬತ್ತರ ದಶಕದ ಮದುವೆ ದೃಶ್ಯಕ್ಕೆ ಬಾಡಿಗೆಗೆ ಒಯ್ಯುತ್ತಾರೆ, ಓಡಬೇಕೆಂದೂ ಇಲ್ಲ. ನನ್ನದು ಮೂರು ಸಲ ಹೋಗಿ ಬಂದಿದೆ, ಮಾರಿದ್ದರೆ ಬರುತ್ತಿದ್ದದ್ದಕ್ಕಿಂತ ಹೆಚ್ಚು ತಂದಿದೆ. ಸೀಸದ ಬ್ಯಾಟರಿ, ಹಳೇ ಗಾಜಿನ ಮಾನಿಟರ್ ಮಾತ್ರ ಒಡೆಯಲೂ ಬೇಡಿ, ತೋಟಕ್ಕೆ ಎಸೆಯಲೂ ಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

7. ಗಿರಾಕಿಯ ಕ್ಯಾಸೆಟ್ ನಿಮ್ಮ ಸೊತ್ತಲ್ಲ

ಮದುವೆ ಮಾಡಿಸಿದವರು ಒಯ್ಯದೆ ಬಿಟ್ಟ ಮಾಸ್ಟರ್ ಕ್ಯಾಸೆಟ್ಟುಗಳು ಪ್ರತಿ ವಿಡಿಯೋದವನ ಮನೆಯಲ್ಲೂ ಇರುತ್ತವೆ. ಅಳಿಸಿ ಮತ್ತೆ ಬಳಸುವುದು ನಮ್ಮಲ್ಲಿ ರೂಢಿ. ನಾನೂ ಅಳಿಸಿದ್ದೇನೆ. ಹೋದ ವರ್ಷ ಕೇತಿ ಕಡೆಯ ಒಬ್ಬ ಹುಡುಗ ಬಂದ. ‘ಅಣ್ಣಾ, ನಮ್ಮ ಅಜ್ಜಿಯ ದನಿ ನಿಮ್ಮ ಕ್ಯಾಸೆಟ್ಟಿನಲ್ಲಿ ಇರಬಹುದಾ?’ ಅಂದ. ಹಳೇ ಬುಕ್ಕು ತೆಗೆದು ನೋಡಿದೆ. ಅವನ ಚಿಕ್ಕಪ್ಪನ ಮದುವೆಯ ಸಾಲಿನ ಮುಂದೆ ನನ್ನದೇ ಕೈಬರಹದಲ್ಲಿ ‘ಅಳಿಸಿದೆ’ ಅಂತಿತ್ತು.

ಯುಗಾದಿ ಆಯಿತು. ಮಿಕ್ಸರ್, ಮಾನಿಟರ್, ಮೂರು ವಿಸಿಆರ್ ಹೋದವು. ಅಟ್ಟದಲ್ಲಿ ಈಗ ಉಳಿದಿರುವುದು ಒಂದು ವಿಸಿಆರ್, ಹೈ8 ಒಂದು, ಪಿಡಿ170 ಒಂದು, ಅಂಚಿನಲ್ಲಿ ಪೆನ್ಸಿಲ್ ಗೀಚಿದ ಮ್ಯಾನ್ಯುಯಲ್, ಜೊತೆಗೆ ಗಿರಾಕಿಗಳ 43 ಕ್ಯಾಸೆಟ್. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಅವರವರ ಮನೆಗೆ ಮುಟ್ಟಿಸುವ ತನಕ ಈ ಮೂರು ಯಂತ್ರ ಮಾರಾಟಕ್ಕಿಲ್ಲ.