"ಹೆಸರು ಒಂದೇ ಸರ್, ಮುಖ ಬೇರೆ ಅಲ್ವಾ?": ಗೇಟ್‌ವೇ ಪಾಠದ ಒಂದು ಅನುಭವ

ದ್ವಿತೀಯ ಪಿಯುಸಿ ಗಣಕ ವಿಜ್ಞಾನದ ತರಗತಿಯಲ್ಲಿ ಅದು ನನ್ನ ಬೋಧನಾಭ್ಯಾಸದ ನಾಲ್ಕನೆಯ ಪಾಠ. ವಿಷಯ, ಡೀಫಾಲ್ಟ್ ಗೇಟ್‌ವೇಗೆ ಬದಲಿ ವ್ಯವಸ್ಥೆ. ಕಂಪ್ಯೂಟರ್ ತನ್ನ ಜಾಲದಿಂದ ಹೊರಗೆ ಏನನ್ನೇ ಕಳಿಸಬೇಕಾದರೂ ಗೇಟ್‌ವೇ ರೌಟರ್‌ಗೆ ಕೊಡುತ್ತದೆ. ಅದು ಕೆಟ್ಟರೆ ಪಕ್ಕದಲ್ಲೇ ಇನ್ನೊಂದು ರೌಟರ್ ಇದ್ದರೂ ಕಂಪ್ಯೂಟರ್‌ಗೆ ಗೊತ್ತಾಗದು. ಇಷ್ಟನ್ನು ಮಕ್ಕಳು ಬೇಗ ಹಿಡಿದರು.

ಮುಂದಿನ ಹಂತಕ್ಕೆ ಪಾಠಯೋಜನೆಯಲ್ಲಿ ಒಂದು ಹೋಲಿಕೆ ಬರೆದುಕೊಂಡಿದ್ದೆ. ಕ್ಲಾಸ್ ಟೀಚರ್ ರಜೆ ಹಾಕಿದರೆ ಬದಲಿಗೆ ಬಂದವರನ್ನೂ ಮಕ್ಕಳು 'ಮಿಸ್' ಎಂದೇ ಕರೆಯುತ್ತಾರೆ. ಹಾಗೆಯೇ ಎರಡು ರೌಟರ್‌ಗಳು ಒಂದೇ ಐಪಿ ವಿಳಾಸಕ್ಕೆ ಓಗೊಡುತ್ತವೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಹೆಸರು ಒಂದೇ ಸರ್, ಮುಖ ಬೇರೆ ಅಲ್ವಾ? ಮ್ಯಾಕ್ ವಿಳಾಸ?" ಎಂದಳು. "ಕಂಪ್ಯೂಟರ್‌ಗಳು ಎಆರ್‌ಪಿಯಲ್ಲಿ ಮತ್ತೆ ಕೇಳಿ ತಿಳಿದುಕೊಳ್ಳುತ್ತವೆ" ಎಂದುಬಿಟ್ಟೆ. ಗಟ್ಟಿಯಾಗಿ ಹೇಳಿದ ತಪ್ಪು ಉತ್ತರ. ಹಳೆಯ ಮ್ಯಾಕ್ ವಿಳಾಸ ನೆನಪಿನಲ್ಲಿರುವಷ್ಟು ಹೊತ್ತು ಕಂಪ್ಯೂಟರ್ ಅದನ್ನೇ ಬಳಸುತ್ತಿರುತ್ತದೆ. ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "ನಾಳೆ ಅವಳ ಪ್ರಶ್ನೆಯಿಂದಲೇ ಆರಂಭಿಸಿ."

ರಾತ್ರಿ ವಿಆರ್‌ಆರ್‌ಪಿ ಬಗ್ಗೆ ಮತ್ತೆ ಓದಿದೆ. ಅಲ್ಲಿ ಮುಖವೂ ಇಬ್ಬರಿಗೂ ಸೇರಿದ್ದೇ. ಗುಂಪಿನ ಸಂಖ್ಯೆ 1 ಆದರೆ ವರ್ಚುವಲ್ ಮ್ಯಾಕ್ 00-00-5ಇ-00-01-01.

ಮರುದಿನ ತಪ್ಪನ್ನು ಒಪ್ಪಿಕೊಂಡು, ಆ ಸಂಖ್ಯೆ ಬರೆದ ಎರಡು ರಟ್ಟಿನ ಮುಖವಾಡ ತೆಗೆದೆ. ಇಬ್ಬರು ಹುಡುಗರು ರೌಟರ್‌ಗಳು. ಆದ್ಯತೆ 120 ಮತ್ತು 100. ಒಂದು ಸಲಕ್ಕೆ ಒಬ್ಬನೇ ಮುಖವಾಡ ಧರಿಸಬೇಕು, ಸೆಕೆಂಡಿಗೊಮ್ಮೆ ಚಪ್ಪಾಳೆ ತಟ್ಟಬೇಕು. ಬೆಂಚುಗಳತ್ತ ಮುಖ ಮಾಡಿ ನಿಂತ ಒಬ್ಬಳು ಸ್ವಿಚ್. ಮುಖವಾಡದ ದನಿ ಕೊನೆಗೆ ಯಾವ ಕಡೆಯಿಂದ ಬಂತೋ ಆ ಕಡೆಗೆ ಚೀಟಿ ದಾಟಿಸುವವಳು. ಮೊದಲನೆಯವನನ್ನು ಹೊರಗೆ ಕಳಿಸಿದೆ. ಚಪ್ಪಾಳೆ ನಿಂತ ಸುಮಾರು 3.6 ಸೆಕೆಂಡಿಗೆ (ಮೂರು ಚಪ್ಪಾಳೆಯ ಹೊತ್ತು, ಜೊತೆಗೆ ಸೆಕೆಂಡಿನ 256ರಲ್ಲಿ 156 ಭಾಗ) ಎರಡನೆಯವನು ಮುಖವಾಡ ಹಾಕಿಕೊಂಡ. ಆದರೆ ಸುಮ್ಮನೆ ಕುಳಿತ. ಚೀಟಿಗಳೆಲ್ಲ ಖಾಲಿ ಕುರ್ಚಿಯ ಮೇಲೇ ಬಿದ್ದವು. "ನನಗೆ ಯಾರೂ ಹೇಳ್ಲಿಲ್ಲ ಸರ್" ಎಂದಳು ಸ್ವಿಚ್.

ಇದು ನನ್ನ ಯೋಜನೆಯಲ್ಲಿರಲಿಲ್ಲ. ಹೊಸ ರೌಟರ್ ಯಾರೂ ಕೇಳದಿದ್ದರೂ ಒಂದು ಎಆರ್‌ಪಿ ಸಂದೇಶವನ್ನು ಜಾಲಕ್ಕೆಲ್ಲ ಸಾರುವುದು ಇದಕ್ಕೇ. ಕಂಪ್ಯೂಟರ್‌ಗಳ ಮಟ್ಟಿಗೆ ಏನೂ ಬದಲಾಗಿಲ್ಲ. ಮುಖ ಯಾವ ಪೋರ್ಟಿಗೆ ಹೋಯಿತೆಂದು ತಿಳಿಯಬೇಕಾದದ್ದು ಸ್ವಿಚ್‌ಗೆ.

ಮೊದಲನೆಯವನು ಮರಳಿದಾಗ ಮುಖವಾಡ ಯಾರಿಗೆಂದು ಜಗಳವೇ ಆಯಿತು. ವಿಆರ್‌ಆರ್‌ಪಿಯಲ್ಲಿ ಹೆಚ್ಚಿನ ಆದ್ಯತೆಯವನು ತಾನಾಗಿಯೇ ಮರಳಿ ಪಡೆಯುತ್ತಾನೆ. ಸಿಸ್ಕೋದ ಎಚ್‌ಎಸ್‌ಆರ್‌ಪಿಯಲ್ಲಿ ಹಾಗೆಂದು ನಾವು ಹೇಳಿಟ್ಟಿದ್ದರೆ ಮಾತ್ರ.

ಗಂಟೆ ಹೊಡೆಯುವ ಮೊದಲು ಇನ್ನೊಂದು ಪ್ರಶ್ನೆ: "ರೌಟರ್ ಚೆನ್ನಾಗಿದೆ, ಹೊರಗಿನ ತಂತಿ ಮಾತ್ರ ತುಂಡಾದರೆ?" ಚಪ್ಪಾಳೆ ನಿಲ್ಲುವುದಿಲ್ಲ, ಚೀಟಿಗಳು ಮಾತ್ರ ಮುಂದೆ ಹೋಗುವುದಿಲ್ಲ. ಆ ತಂತಿಯ ಮೇಲೆ ಕಣ್ಣಿಟ್ಟು, ಅದು ಕೆಟ್ಟಾಗ ಆದ್ಯತೆ ಇಳಿಯುವಂತೆ ಮಾಡಬೇಕು ಎಂದೆ. ಎಷ್ಟು ಇಳಿಸೋಣ? "ಹತ್ತು" ಎಂದ ಒಬ್ಬ. ಹಲಗೆಯ ಮೇಲೆ 110, ಪಕ್ಕದಲ್ಲಿ 100 ಬರೆದೆ. "ಸಾಲಲ್ಲ ಸರ್" ಎಂದಳು ಹಿಂದಿನ ಬೆಂಚಿನ ಅದೇ ಹುಡುಗಿ.