ದಾಸವಾಳದ ಕಣ್ಣು: ಒಂದು ಅಭ್ಯಾಸ ಪಾಠ

ಹತ್ತನೆಯ ತರಗತಿಗೆ ಆಕ್ಸಿನ್ ಹಾರ್ಮೋನಿನ ಪಾಠವನ್ನು ಶಾಲೆಯ ಅಂಗಳದ ದಾಸವಾಳದ ಗಿಡದ ಬಳಿಯೇ ಮಾಡಿದೆ. ಗಿಡ ಸವರುವುದು ನನಗೂ ಹೊಸತು. ಪಾಠಯೋಜನೆಯಲ್ಲಿದ್ದಂತೆ ‘ಮೊಗ್ಗಿನ ಮೇಲ್ಭಾಗದಲ್ಲಿ ಕತ್ತರಿಸಬೇಕು’ ಎಂದೆ. ಮಕ್ಕಳು ಹೂವಿನ ಮೊಗ್ಗು ಹುಡುಕತೊಡಗಿದರು! ‘ಕಂಕುಳ ಮೊಗ್ಗು’ ಎಂದು ತಿದ್ದಿದರೂ ಗೊಂದಲ ಕಳೆಯಲಿಲ್ಲ. ನಾನೇ ಒಂದು ರೆಂಬೆಯನ್ನು ಎರಡು ಗೆಣ್ಣುಗಳ ನಡುವೆ ಕತ್ತರಿಸಿ ತೋರಿಸಿದೆ.

ಮನೆಯಲ್ಲಿ ಹಿಪ್ಪುನೇರಳೆ ಬೆಳೆಯುವ ಹುಡುಗಿಯೊಬ್ಬಳು, “ಹಂಗಲ್ಲ ಮೇಡಂ, ಕಣ್ಣಿನ ಮೇಲೇ ಕುಯ್ಯಬೇಕು, ಇಲ್ಲಾಂದ್ರೆ ಮೋಟು ಒಣಗುತ್ತೆ” ಎಂದು ಎಲೆತೊಟ್ಟಿನ ಬುಡಕ್ಕೆ ಬೆರಳಿಟ್ಟಳು. ಪಾಠ ಸಾಗಿದ್ದೇ ಆಮೇಲೆ. ತುದಿಯಲ್ಲಿ ತಯಾರಾಗುವ ಆಕ್ಸಿನ್ ಕೆಳಗಿಳಿದು ಪಕ್ಕದ ಕಣ್ಣುಗಳನ್ನು ತಡೆದಿಡುತ್ತದೆ. ತುದಿ ಹೋದರೆ ಆ ತಡೆಯೂ ಸಡಿಲವಾಗಿ ಅವು ಚಿಗುರುತ್ತವೆ. ಹೊರಮುಖವಾದ ಕಣ್ಣನ್ನು ಆರಿಸಿ, ಅದರಿಂದ ಸುಮಾರು ಅರ್ಧ ಸೆಂ.ಮೀ. ಮೇಲೆ ಓರೆಯಾಗಿ, 5 ರೆಂಬೆ ಸವರಿದೆವು. ಹೋಲಿಕೆಗೆ 5 ರೆಂಬೆಗಳಿಗೆ ದಾರ ಕಟ್ಟಿ ಹಾಗೇ ಬಿಟ್ಟೆವು.

ಮರುದಿನ ‘ಬಿ’ ವಿಭಾಗದಲ್ಲಿ ಮೊಗ್ಗು ಎನ್ನುವ ಮೊದಲು ರೆಂಬೆ ತೋರಿಸಿ, “ನಿಮ್ಮನೇಲಿ ಇದಕ್ಕೇನಂತೀರಿ?” ಎಂದು ಕೇಳಿದೆ. ಅರ್ಧ ತರಗತಿ ‘ಕಣ್ಣು’ ಎಂದಿತು.

ಮೂರನೇ ವಾರಕ್ಕೆ ಸವರಿದ ರೆಂಬೆಗಳಲ್ಲೆಲ್ಲ ಪಕ್ಕಚಿಗುರು ಬಂದಿತ್ತು. ದಾರ ಕಟ್ಟಿದವು ಉದ್ದವಷ್ಟೇ ಆಗಿದ್ದವು. ನಾನು ಕತ್ತರಿಸಿದ ರೆಂಬೆಯೂ ಚಿಗುರಿತ್ತು, ಮೇಲಿನ ಮೋಟು ಮಾತ್ರ ಕಪ್ಪಗೆ ಒಣಗಿತ್ತು. ಮಕ್ಕಳು ಅದನ್ನೂ ‘ಮೇಡಂ ಕತ್ತರಿಸಿದ್ದು’ ಎಂದು ವೀಕ್ಷಣಾ ಪಟ್ಟಿಯಲ್ಲಿ ಬರೆದರು.